ಒಲ್ಲೆನೆಂದ ಗಿಡ

ಉಚ್ಚೆಂಗಪ್ಪನ ಕೈಗುಣದ ಬಗ್ಗೆ ಬಂಡ್ರಿಯಲ್ಲಿ ಎರಡು ಮಾತಿರಲಿಲ್ಲ. ಮಾವಿರಲಿ, ಬೋರೆಯಿರಲಿ, ಅವನು ಕಸಿ ಕಟ್ಟಿದರೆ ಚಿಗುರಲೇಬೇಕು. ನಲವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಒಂದಿಷ್ಟು ಜಂಬವೂ ಇತ್ತು, ಇರಬೇಕಾದ್ದೇ. ಆ ಜಂಬವನ್ನು ಮಣ್ಣುಪಾಲು ಮಾಡಿದ್ದು ಗಂಗಾಂಬಿಕಾ ಅವರ ತೋಟದ ಒಂದು ಗಿಡ.

ಗಂಗಾಂಬಿಕಾ ಕಂಪ್ಲಿಯ ಅಕ್ಕಿ ಗಿರಣಿ ಮನೆತನದವರು. ಸಂಡೂರಿನ ಗುಡ್ಡದ ಮಗ್ಗುಲಲ್ಲಿ ಎರಡೆಕರೆ ಕೊಂಡು, ಇಲ್ಲಿ ತಂಪಿದೆ, ಪ್ಲಮ್ ಬೆಳೆಯುತ್ತೇನೆ ಎಂದಾಗ ಮನೆಮಂದಿಯೆಲ್ಲ ನಕ್ಕಿದ್ದರು. ಬಿಸಿಲು ತಡೆಯುವ ತಳಿ ಎಂದು ಉತ್ತರದಿಂದ ತರಿಸಿದ ಹದಿನಾರು ಸಸಿಗಳು ಬದುಕಿ ಹಣ್ಣನ್ನೂ ಬಿಟ್ಟಾಗ ನಗು ನಿಂತಿತು. ಆದರೆ ದಪ್ಪ, ಕೆಂಪು, ಸಿಹಿ ಹಣ್ಣು ಕೊಟ್ಟದ್ದು ಒಂದೇ ಗಿಡ. ಉಳಿದವುಗಳ ಹಣ್ಣು ಬಾಯಿಗಿಟ್ಟರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿ. ಸಿಹಿ ಗಿಡಕ್ಕೆ ತಾಯಿ ಗಿಡ ಎಂದು ಹೆಸರಾಯಿತು. ಅದರ ಕಡ್ಡಿಯಿಂದ ಚಿಗುರುವ ಕಣ್ಣುಗಳನ್ನು ಕೆತ್ತಿ, ಉಳಿದ ಹದಿನೈದಕ್ಕೂ ಕಸಿ ಕಟ್ಟಲು ಉಚ್ಚೆಂಗಪ್ಪನಿಗೆ ಕರೆ ಹೋಯಿತು.

ಹದಿನಾಲ್ಕರಲ್ಲಿ ಕಸಿ ಹಿಡಿಯಿತು. ಬಾವಿ ಪಕ್ಕದ ಒಂದು ಗಿಡ ಮಾತ್ರ ಒಲ್ಲೆ ಎಂದಿತು. ಕಟ್ಟಿದ ಕಣ್ಣು ಕಪ್ಪಾಗಿ ಒಣಗುವುದು, ಜೊತೆಗೆ ಆ ಟೊಂಗೆಯ ತುದಿಯೂ ಒಣಗುವುದು. ಮರುವರ್ಷ ಕಟ್ಟಿದರೂ ಅದೇ ಕಥೆ. ಮೂರನೇ ವರ್ಷ ಚಾಕು ಮಸೆದು, ದೇವರಿಗೆ ಊದಿನಕಡ್ಡಿ ಹಚ್ಚಿ ಬಂದು ಕಟ್ಟಿದ. ಒಣಗಿತು.

"ಏನಪ ಉಚ್ಚೆಂಗಪ್ಪ, ಕೈಗುಣ ಎಲ್ಲಿಟ್ಟು ಬಂದಿ?" ಎಂದು ಗಂಗಾಂಬಿಕಾ ಛೇಡಿಸಿದರು.

"ಭಾಳ ಸೊಕ್ಕಿನ ಗಿಡ ಐತ್ರಿ ಅಮ್ಮಾ ಇದು," ಎಂದನೇನೋ ನಿಜ, ಆದರೆ ಅಂದು ಅವನಿಗೆ ಊಟ ಸೇರಲಿಲ್ಲ.

ಅದೇ ವರ್ಷ ತೋಟಕ್ಕೆ ಕೇಡು ಬಂತು. ಕಸಿ ಹಿಡಿದ ಹದಿನಾಲ್ಕು ಗಿಡಗಳ ಎಲೆಗಳ ಮೇಲೆ ಹಳದಿ ಉಂಗುರಗಳು ಮೂಡಿದವು. ಹಣ್ಣುಗಳ ಮೈ ಗುಳಿಬಿದ್ದು, ಮಾಗುವ ಮೊದಲೇ ಉದುರಿದವು. ತಾಯಿ ಗಿಡ ಮಾತ್ರ ಹಸಿರಾಗಿಯೇ ಇತ್ತು. ಒಣ ತುದಿಗಳನ್ನು ಹೊತ್ತು ನಿಂತ ಬಾವಿ ಗಿಡದ ಮೇಲೆ ಗಂಗಾಂಬಿಕಾ ಅವರ ಕಣ್ಣು ಬಿತ್ತು.

"ಇದರ ರೋಗನ ಎಲ್ಲಕ್ಕೂ ಹತ್ತೈತಿ. ಕಡಿದು ಹಾಕು."

ಉಚ್ಚೆಂಗಪ್ಪನಿಗೂ ಅದೇ ಬೇಕಿತ್ತು. ಮೂರು ವರ್ಷ ಮಾನ ಕಳೆದ ಗಿಡವಲ್ಲವೇ? ಖುಷಿಯಿಂದಲೇ ಕೊಡಲಿ ತಂದ.

ಅಡ್ಡ ಬಂದವಳು ಸುನಿತಾ. ಗಂಗಾಂಬಿಕಾ ಅವರ ಅಕ್ಕನ ಮಗಳು, ಗಿಡಗಳ ರೋಗದ ಬಗ್ಗೆಯೇ ಓದಿದವಳು, ರಜೆಗೆ ಬಂದಿದ್ದಳು.

"ಅಜ್ಜಾ, ಸ್ವಲ್ಪ ತಡೀರಿ. ಎಲ್ಲಾ ಗಿಡದ ಎಲಿ ಪರೀಕ್ಷೆಗೆ ಕೊಡ್ತೀನಿ. ಆಮ್ಯಾಲೆ ಬೇಕಾದ್ರ ಕಡೀರಿ."

ತಿಂಗಳ ನಂತರ ವರದಿ ಹಿಡಿದು ಬಂದು ಇಬ್ಬರನ್ನೂ ಕೂರಿಸಿಕೊಂಡಳು.

"ಚಿಕ್ಕಮ್ಮ, ಇದು ವೈರಸ್. ತಾಯಿ ಗಿಡದಾಗ ಐತಿ. ಮೈಯಾಗ ಇಟ್ಕೊಂಡು ಅದು ಆರಾಮ ಐತಿ, ಅಷ್ಟ. ಅದರ ಕಣ್ಣು ಕಟ್ಟಿದ್ದಕ್ಕ ಉಳಿದವಕ್ಕೂ ಬಂತು."

"ಮತ್ತ ಬಾವಿ ಗಿಡ?"

"ಅದರಾಗ ಒಂಚೂರೂ ಇಲ್ಲ. ರೋಗದ ಕಣ್ಣು ಕಟ್ಟಿದ ಕೂಡಲೇ ಆ ತುದೀನ ತಾನಾಗೇ ಸಾಯಿಸಿಬಿಡ್ತೈತಿ. ವೈರಸ್ ಅಲ್ಲೇ ಸಾಯ್ತೈತಿ, ಮುಂದ ಹೋಗಂಗಿಲ್ಲ. ಇದನ್ನ ಬಿಟ್ಟು ಉಳಿದ ಹದಿನೈದೂ ತೆಗೀಬೇಕು."

ಉಚ್ಚೆಂಗಪ್ಪ ತನ್ನ ಕೈ ನೋಡಿಕೊಂಡ. ಹದಿನಾಲ್ಕು ಗಿಡಗಳಿಗೆ ರೋಗ ಹಚ್ಚಿದ್ದು ತನ್ನದೇ ಚಾಕು, ಊರೆಲ್ಲ ಹೊಗಳುವ ತನ್ನದೇ ಕೈ. ನಾಚಿಕೆಯಿಂದ ಮೈ ಹಿಡಿಯಾಯಿತು. ಅವನ ಹಿತ್ತಲಲ್ಲೂ ತಾಯಿ ಗಿಡದ ಕಸಿಯೊಂದಿತ್ತು. ಹೆಂಡತಿ ಮುದುಕಮ್ಮ ನೀರು ಹಾಕಿ ಜೋಪಾನ ಮಾಡಿದ್ದು. ಮರುದಿನ ಅವಳು ಎಷ್ಟು ಬೈದರೂ ಕೇಳದೆ ಅದನ್ನು ಬೇರುಸಹಿತ ಕಿತ್ತು ಸುಟ್ಟ.

ಗಂಗಾಂಬಿಕಾ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. "ಕಾಗದದ ಮಾತು ನಂಬಿ ತೋಟಾನ ತೆಗೀಲೇನು? ಈ ಗಿಡಕ್ಕ ಅಂಥಾ ಶಕ್ತಿ ಐತಿ ಅನ್ನೋದನ್ನ ನನ್ನ ಕಣ್ಣಿಗೆ ತೋರಿಸು. ತೋರಿಸಿದ್ರ ಅವತ್ತ ಎಲ್ಲಾ ಕಡಿಸ್ತೀನಿ."

ಸುನಿತಾ ದಾರಿ ಹೇಳಿದಳು. ಬಾವಿ ಗಿಡದ ಕಡ್ಡಿಗಳಿಂದ ಹತ್ತು ಸಸಿ ಎಬ್ಬಿಸುವುದು, ಪಕ್ಕದಲ್ಲಿ ಹತ್ತು ಸಾದಾ ಪ್ಲಮ್ ಸಸಿ ಇಡುವುದು. ಇಪ್ಪತ್ತಕ್ಕೂ ತಾಯಿ ಗಿಡದ ಕಣ್ಣನ್ನು ಉಚ್ಚೆಂಗಪ್ಪನೇ ಕಟ್ಟುವುದು. ಸಾದಾ ಸಸಿಗಳಲ್ಲಿ ಹಿಡಿದು, ಬಾವಿ ಗಿಡದ ಸಸಿಗಳಲ್ಲಿ ಒಣಗಿದರೆ ಬಾವಿ ಗಿಡ ಗೆದ್ದಂತೆ. ಇವುಗಳಲ್ಲೂ ಹಿಡಿದರೆ ಕೊಡಲಿ ಹೇಗೂ ಇದ್ದೇ ಇದೆ.

ಸಸಿ ಎಬ್ಬಿಸಲು ಒಂದು ವರ್ಷ ಬೇಕಾಯಿತು. ಕಟ್ಟುವ ದಿನ ಉಚ್ಚೆಂಗಪ್ಪನಿಗೆ ಪೀಕಲಾಟ. ಈಗ ಅವನ ಮನಸ್ಸೆಲ್ಲ ಆ ಗಿಡದ ಕಡೆಗಿತ್ತು. ಕಣ್ಣಿನ ಸುತ್ತ ಸುತ್ತುವ ಪಟ್ಟಿಯನ್ನು ಚೂರು ಸಡಿಲ ಕಟ್ಟಿದರೆ ಸಾಕು, ಕಣ್ಣು ಒಣಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಗೆಲುವು ಗಿಡದ್ದಾಗುವುದಿಲ್ಲ. ಒಂದೊಂದಕ್ಕೂ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಎಂದೂ ಕಟ್ಟಿರದ ಹಾಗೆ ಇಪ್ಪತ್ತನ್ನೂ ಬಿಗಿಯಾಗಿ ಕಟ್ಟಿದ.

ಆಮೇಲೆ ಕಾಯುವುದು. ನಲವತ್ತು ವರ್ಷ ತನ್ನ ಕಸಿ ಚಿಗುರಲಿ ಎಂದು ದೇವರಿಗೆ ಕೈಮುಗಿದವನು ಈ ಸಲ ಒಣಗಲಿ ಎಂದು ಮುಗಿದ. ಏನು ಕೇಳುತ್ತಿದ್ದೇನೆಂದು ತನಗೇ ನಗು ಬಂತು.

ಪಟ್ಟಿ ಬಿಚ್ಚುವ ದಿನ ಮೂವರೂ ನೆರಳಲ್ಲಿ ಕೂತರು. ಮೊದಲು ಸಾದಾ ಸಸಿಗಳು. ಹತ್ತೂ ಕಣ್ಣು ಹಸಿರು. ಕೈಗುಣ ಎಲ್ಲೂ ಹೋಗಿರಲಿಲ್ಲ. ಆಮೇಲೆ ಬಾವಿ ಗಿಡದ ಮಕ್ಕಳು. ಮೊದಲನೆಯದು ಕಪ್ಪು. ಎರಡನೆಯದೂ ಕಪ್ಪು. ಹತ್ತನೆಯದನ್ನು ನಿಧಾನವಾಗಿ ಬಿಚ್ಚಿದ. ಅದೂ ಕಪ್ಪು.

"ಹತ್ತೂ ಒಣಗ್ಯಾವಲ್ಲೋ ಉಚ್ಚೆಂಗಪ್ಪ!" ಎಂದರು ಗಂಗಾಂಬಿಕಾ.

"ಹೂನ್ರಿ ಅಮ್ಮಾ, ಹತ್ತೂ ಒಣಗ್ಯಾವ್ರಿ," ಎಂದ. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

ಗಂಗಾಂಬಿಕಾ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಂದು ಮಧ್ಯಾಹ್ನವೇ ತಾಯಿ ಗಿಡ ಉರುಳಿತು, ಹದಿನಾಲ್ಕೂ ಉರುಳಿದವು. ಕೆಲಸ ಮುಗಿಸಿ ಕೊಡಲಿ ತೊಳೆದ ಉಚ್ಚೆಂಗಪ್ಪ ಹೋಗದೆ ಬಾವಿಯ ಹತ್ತಿರವೇ ನಿಂತಿದ್ದ.

"ಇನ್ನೇನಪ?"

"ನಮ್ಮ ಹಿತ್ತಲಾಗ ಒಂದು ಗುಂಡಿ ಖಾಲಿ ಐತ್ರಿ ಅಮ್ಮಾ. ಇದರದ್ದೊಂದು ಕಡ್ಡಿ ಕೊಟ್ರ..."

"ಇದು ಬರೇ ಹುಳಿ ಹಣ್ಣಲ್ಲೇನು?"

"ಇರ್ಲಿ ಬಿಡ್ರಿ," ಎಂದು ಉಚ್ಚೆಂಗಪ್ಪ ಚಾಕು ತೆಗೆದ. "ಮುದುಕಮ್ಮ ಉಪ್ಪಿನಕಾಯಿ ಹಾಕ್ತಾಳ."