ಕರೆಗಂಟೆಯ ಮೇಲಿನ ತಗಡು

ಕಾರಿಗೂ ಮನಸ್ಸು, ಮುನಿಸು ಇರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮನೆಗೆ ಅಂಟಿಕೊಂಡೇ ಗ್ಯಾರೇಜು ನಡೆಸುವವನು ನಾನು. ಕಾರಿನಲ್ಲಿರುವುದು ಕಬ್ಬಿಣ, ತಂತಿ, ಎಣ್ಣೆ, ಅಷ್ಟೆ. ಆದರೆ ನನ್ನ ನಾದಿನಿಯ ಹಳೆಯ ಕಾರು ಬೇರೆಲ್ಲೂ ತಕರಾರು ಮಾಡದೆ, ನನ್ನ ಗ್ಯಾರೇಜಿನ ಎದುರೇ ಆಗಾಗ ಸ್ಟಾರ್ಟ್ ಆಗದೆ ಕೂರುತ್ತಿತ್ತು. ನನ್ನ ಮರ್ಯಾದೆ ಏನಾಗಬೇಡ?

ಅದು ನನ್ನ ಮಾವನ ಕಾರು. ಅವರು ತೀರಿಕೊಂಡ ಮೇಲೆ ನಾವೀಗ ಇರುವ ಮನೆ ನನ್ನ ಹೆಂಡತಿಗೆ, ಕಾರು ಅವಳ ತಂಗಿಗೆ ಬಂತು. ಅದಕ್ಕೇನೂ ಜಗಳವಿರಲಿಲ್ಲ. ಜಗಳ ಹುಟ್ಟಿದ್ದು ಮಾವನ ಕೋಣೆಯಿಂದ. ಆ ಬಾಗಿಲು ದಾಟಿದರೆ ಸಾಕು, ನನ್ನವಳಿಗೆ ಅಳು ಬರುತ್ತಿತ್ತು. ಒಂದು ದಿನ ಹಲ್ಲು ಕಚ್ಚಿಕೊಂಡು, ಅವರ ಅಂಗಿ, ಕನ್ನಡಕ, ಅವರೇ ಮಾಡಿದ ಮರದ ಸ್ಟೂಲು ಎಲ್ಲವನ್ನೂ ಯಾರ್‍ಯಾರಿಗೋ ಕೊಟ್ಟು ಕಳಿಸಿದಳು. ತಂಗಿಯನ್ನು ಕರೆಯಲಿಲ್ಲ.

"ಅಪ್ಪ ಕೈಯಾರೆ ಮಾಡಿದ್ದು ಒಂದೂ ನನಗೆ ಅಂತ ಇಡಲಿಲ್ಲ ನೀನು," ಎಂದಳು ತಂಗಿ.

"ಕಾರಿದೆಯಲ್ಲಮ್ಮ," ಎಂದು ನಾನು ಮಧ್ಯೆ ಬಾಯಿ ಹಾಕಿದೆ.

"ಕಾರು ಅಂಗಡೀದು ಭಾವ, ಅಪ್ಪ ಮಾಡಿದ್ದಲ್ಲ."

ಅಂದಿನಿಂದ ಅವಳು ನಮ್ಮ ಮನೆಯಲ್ಲಿ ಕೂರುವುದನ್ನೇ ಬಿಟ್ಟಳು. ನಮ್ಮ ಜೊತೆಗಿರುವ ಅತ್ತೆಯನ್ನು ನೋಡಲು ಭಾನುವಾರ ಹೆದ್ದಾರಿ ಹಿಡಿದು ಅಷ್ಟು ದೂರದಿಂದ ಬರುತ್ತಿದ್ದಳು. ಬಾಗಿಲಲ್ಲೇ ನಿಂತು, ತಾಯಿಯ ಕೈ ಹಿಡಿದು ಹತ್ತು ನಿಮಿಷ ಮಾತಾಡಿ ಹೊರಡುತ್ತಿದ್ದಳು. ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಕಾರು ಕೈಕೊಟ್ಟಾಗ ನಾನು ಹತ್ತಿರ ಹೋದರೆ, "ಬೇಡ ಭಾವ, ನಮ್ಮ ಮೆಕ್ಯಾನಿಕ್ ಹತ್ರಾನೇ ತೋರಿಸ್ತೀನಿ," ಎನ್ನುವಳು. ಹಿತ್ತಲ ಗಿಡ ಮದ್ದಲ್ಲ, ನೋಡಿ. ಮುಖ ಗಂಟಿಕ್ಕಿಕೊಂಡು ಸೀಟಿನಲ್ಲೇ ಕೂತಿರುವಳು. ಬಹಳ ಹೊತ್ತಿನ ಮೇಲೆ ಕೀ ತಿರುಗಿಸಿದರೆ ಕಾರು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಅವಳ ಮೆಕ್ಯಾನಿಕ್ಕು ಬ್ಯಾಟರಿ ಬದಲಿಸಿದ, ಕೀ ಹಾಕುವ ಸ್ವಿಚ್ಚನ್ನೂ ಬದಲಿಸಿದ. ಅವನ ಮುಂದೆ ಅದು ಒಮ್ಮೆಯೂ ಹಟ ಮಾಡಲಿಲ್ಲ.

ಒಂದು ಭಾನುವಾರ ಅವಳು ತಾಯಿಯ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದಳು: "ಅಮ್ಮಾ, ಕಾರನ್ನ ಗುಜರಿಗೆ ಕೊಡ್ತಿದೀನಿ. ಈ ಕಡೆಗೆ ಬಸ್ಸೂ ಇಲ್ಲ. ಇನ್ಮೇಲೆ ಫೋನ್ ಮಾಡ್ತೀನಿ."

ಕಿವಿ ಮಂದವಾದ ಅತ್ತೆಗೆ ಫೋನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬಾಗಿಲ ಹಿಂದೆ ನನ್ನವಳ ಕಣ್ಣು ತುಂಬಿತು. ಆ ಹತ್ತು ನಿಮಿಷಕ್ಕಾಗಿ ಅವಳು ವಾರವಿಡೀ ಕಾಯುತ್ತಿದ್ದಳು, ನನಗೆ ಗೊತ್ತು. ನಾದಿನಿ ಹೋಗಿ ಕಾರಿನಲ್ಲಿ ಕೂತು ಕೀ ತಿರುಗಿಸಿದಳು. ಟಕ್ ಎಂದಿತು, ಅಷ್ಟೆ.

ನನಗೆ ಸಿಟ್ಟು ನೆತ್ತಿಗೇರಿತು. "ಇಳಿ ಕೆಳಗೆ!" ಎಂದೆ. ಪಾಪ, ಹೆದರಿ ಇಳಿದಳು.

"ನಿಮ್ಮನೆ ಹತ್ರ ಹಿಂಗಾಗುತ್ತಾ?"

"ಇಲ್ಲ."

"ಸ್ಕೂಲ್ ಹತ್ರ?"

"ಇಲ್ಲ. ಅಲ್ಲಿ ಬೆಳಿಗ್ಗೆ ನಿಲ್ಲಿಸಿದ್ರೆ ಪಾಠ ಎಲ್ಲ ಮುಗಿಸಿ ಸಾಯಂಕಾಲಾನೇ ತೆಗೆಯೋದು."

"ಪೆಟ್ರೋಲ್ ಬಂಕಲ್ಲಿ?"

"ಬಂಕು ನಮ್ಮನೆ ಪಕ್ಕದಲ್ಲೇ ಇದೆ. ಅಲ್ಲೂ ಇಲ್ಲ. ನಿಮ್ಮನೆ ಮುಂದೆ ಮಾತ್ರ. ಇಲ್ಲಿ ನಿಲ್ಲೋಕೆ ಅದಕ್ಕೂ ಇಷ್ಟ ಇಲ್ಲ."

"ಅದಕ್ಕೆ ಇಷ್ಟಾನೂ ಇಲ್ಲ, ಕಷ್ಟಾನೂ ಇಲ್ಲ! ಅಷ್ಟು ದೂರ ಓಡಿ ಕಾದಿರುತ್ತೆ. ನಿಲ್ಲಿಸಿದ ತಕ್ಷಣ ಗಾಳಿ ಆಡಲ್ಲ, ಕಾವು ಇನ್ನೂ ಏರುತ್ತೆ. ಸರಿಯಾಗಿ ಆ ಹೊತ್ತಿಗೇ ನೀನು ಹೊರಡ್ತೀಯ. ನೆಂಟರ ಹಾಗೆ ಒಂದು ಗಂಟೆ ಕೂತು ಹೋಗಿದ್ರೆ ಈ ಕಾಯಿಲೆ ಕಾಣಿಸ್ತಾನೇ ಇರಲಿಲ್ಲ!"

ನಾನು ಬಾನೆಟ್ ಎತ್ತಿ, ಟೆಸ್ಟ್ ಲ್ಯಾಂಪಿನ ತಂತಿಯನ್ನು ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಮೋಟರಿಗೆ ಮುಟ್ಟಿಸಿ ಹಿಡಿದೆ. ಹೆಂಡತಿ ಹೊರಗೆ ಬಂದು ಕೀ ತಿರುಗಿಸಿದಳು. ದೀಪ ಉರಿಯಿತು, ಮೋಟರು ತಿರುಗಲಿಲ್ಲ. ಅಂದರೆ ಕರೆಂಟು ಬರುತ್ತಿದೆ, ಕಾವಿಗೆ ಮೋಟರೇ ಸೋತಿದೆ. ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ ಮತ್ತೆ ಮತ್ತೆ ಅದರ ಮೇಲೆ ಹೊದಿಸಿದೆ. ಹಬೆ ಎದ್ದು ಆರಿದ ಮೇಲೆ ಕೀ ತಿರುಗಿಸಿದರೆ ಕಾರು ಸ್ಟಾರ್ಟ್ ಆಯಿತು.

ಬಗ್ಗಿ ನೋಡಿದೆ. ಮೋಟರಿನ ಪಕ್ಕದಲ್ಲೇ ಎಂಜಿನ್ನಿನ ಬಿಸಿ ಹೊಗೆ ಹೋಗುವ ಕೊಳವೆ. ಎರಡರ ನಡುವೆ ಕಾವು ತಡೆಯಲು ಒಂದು ತಗಡು ಇರಬೇಕಿತ್ತು. ಸ್ಕ್ರೂ ಹಾಕುವ ತೂತುಗಳಷ್ಟೇ ಇದ್ದವು.

"ಈ ತಗಡು ಬಿಚ್ಚಿದ ಪುಣ್ಯಾತ್ಮ ಯಾರು?" ಎಂದು ಅರಚಿದೆ. ಅತ್ತೆಗೂ ಕೇಳಿಸಿತು.

"ತಗಡಾ? ನಿಮ್ಮ ಮಾವನೇ ಬಿಚ್ಚಿದ್ದು. ಕಟಕಟ ಅನ್ನುತ್ತೆ, ತಲೆ ಚಿಟ್ಟು ಹಿಡಿಯುತ್ತೆ ಅಂತ. ಅಲ್ಲೇ ಇದೆಯಲ್ಲ," ಎಂದು ಬಾಗಿಲ ಕಡೆ ಕೈ ತೋರಿಸಿದರು.

ಕರೆಗಂಟೆಯ ಸ್ವಿಚ್ಚಿಗೆ ಮಳೆನೀರು ತಾಗದಂತೆ ಮೇಲೊಂದು ಪುಟ್ಟ ಮಾಡು. ಅದೇ ಆ ತಗಡು! ಮಾವ ಊರೊಳಗಷ್ಟೇ ಕಾರು ಓಡಿಸುತ್ತಿದ್ದರು, ಹಾಗಾಗಿ ಅವರಿಗೆ ತೊಂದರೆ ಗೊತ್ತಾಗಲೇ ಇಲ್ಲ. ನಾದಿನಿ ಪ್ರತಿವಾರ ಅದರ ಕೆಳಗೇ ಬೆರಳಿಟ್ಟು ಗಂಟೆ ಒತ್ತುತ್ತಿದ್ದಳು. ನಾನು ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕಥೆ ನಮ್ಮದು.

ನಾದಿನಿ ಅದನ್ನು ಮುಟ್ಟಿ ನೋಡಿದಳು. "ಅಂಚು ಎಷ್ಟು ನಯವಾಗಿ ಉಜ್ಜಿದಾರೆ ಅಪ್ಪ. ಯಾರ ಬೆರಳಿಗೂ ತಾಗಬಾರದು ಅಂತ."

"ರೀ, ಬಿಚ್ಚಿ ಕೊಡಿ ಅವಳಿಗೆ," ಎಂದಳು ನನ್ನವಳು. ಆಮೇಲೆ ತಂಗಿಗೆ, "ನನಗೆ ಆ ರೂಮಲ್ಲಿ ನಿಲ್ಲೋಕೇ ಆಗ್ತಿರಲಿಲ್ಲ ಕಣೇ. ನಿನ್ನ ಕರೆದ್ರೆ ಇಬ್ರೂ ಅಳ್ತಾ ಕೂತ್ಬಿಡ್ತೀವಿ ಅಂತ ಹೆದರಿದೆ."

"ಅಳ್ತಾ ಕೂರಬಹುದಿತ್ತಲ್ಲ, ಅಕ್ಕ."

ಇಬ್ಬರೂ ಒಳಗೆ ಹೋದರು. ಅತ್ತಿದ್ದೂ ಕೇಳಿಸಿತು, ಆಮೇಲೆ ನಕ್ಕಿದ್ದೂ ಕೇಳಿಸಿತು. ನಾನು ಮೋಟರು ಬಿಚ್ಚಿ ಶುಚಿ ಮಾಡಿ, ತಗಡನ್ನು ಮೊದಲಿನ ಆಕಾರಕ್ಕೆ ಬಗ್ಗಿಸಿ ಅದರ ಜಾಗದಲ್ಲಿ ಕೂರಿಸಿದೆ. ನಾದಿನಿ ಹೆದ್ದಾರಿಯಲ್ಲಿ ದೂರದವರೆಗೆ ಓಡಿಸಿಕೊಂಡು ಬಂದು ನಿಲ್ಲಿಸಿದಳು. ಹತ್ತು ನಿಮಿಷ ಕಾದೆವು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು.

"ಇನ್ನು ಹೊರಡಬಹುದು," ಎಂದೆ.

ಅವಳು ಕಾರು ಆಫ್ ಮಾಡಿದಳು. "ಅಕ್ಕ ಚಹಾಕ್ಕಿಟ್ಟಿದಾಳೆ, ಭಾವ," ಎಂದು ಒಳಗೆ ಹೋದಳು.

ಕರೆಗಂಟೆಗೆ ಈಗ ಹೊಸ ತಗಡು ಹಾಕಿದ್ದೇನೆ. ಕಾರಿನದು ಮಾತ್ರ ಕಟಕಟ ಅನ್ನುತ್ತದೆ. ಮಾವ ಹೇಳಿದ್ದು ನಿಜ, ತಲೆ ಚಿಟ್ಟು ಹಿಡಿಯುತ್ತದೆ. ಒಂದು ರಬ್ಬರ್ ವಾಷರ್ ಹಾಕಿದರೆ ಸದ್ದಡಗುತ್ತದೆ. ಮೆಕ್ಯಾನಿಕ್ಕನ ಮನೆಯ ಕಾರು ಹೀಗೆ ಸದ್ದು ಮಾಡುವುದು ನನಗೆ ಅವಮಾನ. ಆದರೆ ಅಕ್ಕತಂಗಿಯರು ಮುಟ್ಟಗೊಡುತ್ತಿಲ್ಲ. ಭಾನುವಾರ ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿದರೆ ಸಾಕು, ನನ್ನವಳು ಒಲೆಯ ಮೇಲೆ ನೀರಿಡುತ್ತಾಳೆ. ಅವಳಿಗಿಂತ ಮೊದಲೇ ಕಿವಿ ಮಂದವಾದ ಅತ್ತೆ ಕುರ್ಚಿಯಿಂದ ಎದ್ದಿರುತ್ತಾರೆ: "ಬಂದಳು ನೋಡು."