ಗ್ಯಾಲಹರ್‌ಗಳ ದ್ವೀಪದ ಅಂಚೆಯವನು

ಮ್ಯಾನಸ್ ಮನುಷ್ಯರ ಮುಖ ನೋಡುತ್ತಿರಲಿಲ್ಲ, ನಡಿಗೆ ನೋಡುತ್ತಿದ್ದ. ದೋಣಿಯಿಂದ ಇಳಿದವರು ಕಟ್ಟೆಯ ಕಲ್ಲುಹಾಸಿನ ಮೇಲೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ, ಹಿಮ್ಮಡಿ ಮೊದಲು ಊರುತ್ತದೆಯೋ ತುದಿಗಾಲೋ, ಯಾವ ಭುಜ ವಾಲುತ್ತದೆ, ಕೈಗಳು ಮೈಯ ಲಯಕ್ಕೆ ಒಗ್ಗಿ ಬೀಸುತ್ತವೆಯೋ ಅಥವಾ ಬೇರೆ ಯಾರಿಂದಲೋ ಎರವಲು ತಂದವುಗಳಂತೆ ಜೋತಾಡುತ್ತವೆಯೋ ಎಂಬುದನ್ನೆಲ್ಲ ಕಣ್ಣಲ್ಲೇ ಅಳೆದು, ಬಾಯಲ್ಲಿದ್ದ ಪೈಪನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ, "ಯಾರ ಪೈಕಿ ನೀನು?" ಎಂದು ಕೇಳುತ್ತಿದ್ದ. ಅವರು ಬಾಯಿ ತೆರೆಯುವ ಮೊದಲೇ ಅವನಿಗೆ ಉತ್ತರ ಗೊತ್ತಿರುತ್ತಿತ್ತು. ಕೇಳುವುದು ಮರ್ಯಾದೆಗಷ್ಟೇ.

ನಮ್ಮ ದ್ವೀಪದಲ್ಲಿ ಆ ಪ್ರಶ್ನೆ ಕೇಳದೆ ವಿಧಿಯಿಲ್ಲ. ಡೊನೆಗಾಲ್ ತೀರದಾಚೆಯ ಈ ನೆಲದಲ್ಲಿ ಮೂರು ಮನೆಗೆ ಎರಡರಂತೆ ಗ್ಯಾಲಹರ್‌ಗಳು. ನಾನು ಟಿಪರೇರಿಯಿಂದ ಶಾಲಾ ಮಾಸ್ತರನಾಗಿ ಇಲ್ಲಿಗೆ ಬಂದ ಮೊದಲ ದಿನ ಹಾಜರಿ ತೆಗೆಯುತ್ತ "ಕೊನಲ್ ಗ್ಯಾಲಹರ್" ಎಂದು ಕೂಗಿದಾಗ ನಾಲ್ವರು ಎದ್ದು ನಿಂತರು. "ರೋಸ್ ಗ್ಯಾಲಹರ್" ಎಂದಾಗ ಮೂವರು. ಮಕ್ಕಳು ನನ್ನನ್ನು ಆಟ ಆಡಿಸುತ್ತಿದ್ದಾರೆಂದು ನಾನು ಬೆತ್ತಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಅಂಚೆಚೀಲದೊಂದಿಗೆ ಬಾಗಿಲಲ್ಲಿ ನಿಂತಿದ್ದ ಮ್ಯಾನಸ್ ನಕ್ಕ.

"ಮೇಷ್ಟ್ರೇ, ಇಲ್ಲಿ ಗ್ಯಾಲಹರ್ ಅಂತ ಕೂಗೋದೂ ಒಂದೇ, ಮಂದೆ ಮುಂದೆ ನಿಂತು 'ಕುರಿ' ಅಂತ ಕೂಗೋದೂ ಒಂದೇ. ಅಪ್ಪನ ಹೆಸರು ಸೇರಿಸಿ, ಸಾಲದಿದ್ರೆ ಅಜ್ಜೀದು ಸೇರಿಸಿ."

ಹಾಗೆ ಅವನೇ ಮ್ಯಾನಸ್ ಹ್ಯೂಡಿ ಬ್ರೀಜ್ ಆಗಿದ್ದ: ಬ್ರೀಜ್ ಅಜ್ಜಿಯ ಮಗ ಹ್ಯೂಡಿ, ಹ್ಯೂಡಿಯ ಮಗ ಮ್ಯಾನಸ್. ಗ್ಯಾಲಹರ್ ಎಂಬುದು ಅವನ ಪಿಂಚಣಿ ಪತ್ರದಲ್ಲಿ ಮಾತ್ರ ಇತ್ತು.

ನಲವತ್ತು ವರ್ಷ ಅಂಚೆ ಹಂಚಿದವನು. ವಿಳಾಸದಲ್ಲಿ ಬರೀ "ಹ್ಯೂ ಗ್ಯಾಲಹರ್" ಎಂದಿದ್ದರೂ, ಲಕೋಟೆಯನ್ನು ಮೂಗಿಗೆ ಹಿಡಿದು, ಊರಮುದ್ರೆ ನೋಡಿ, ಇದು ಗ್ಲಾಸ್ಗೊದಲ್ಲಿರುವ ಯಾವ ಮಗಳು ಯಾವ ಅಪ್ಪನಿಗೆ ಬರೆದದ್ದೆಂದು ನಿರ್ಧರಿಸಿ, ಒಂಬತ್ತು ಹ್ಯೂಗಳಲ್ಲಿ ಸರಿಯಾದವನ ಬಾಗಿಲಿಗೇ ಹಾಕುತ್ತಿದ್ದ. ನಿವೃತ್ತಿಯಾದ ಮೇಲೂ ಇಲಾಖೆಯ ಆ ಉದ್ದನೆಯ ಕೋಟನ್ನು ಬಿಡಲಿಲ್ಲ. ಸರಕಾರದ ಗುಂಡಿಗಳನ್ನು ಕಿತ್ತು ಒಪ್ಪಿಸಿ, ಅವುಗಳ ಜಾಗದಲ್ಲಿ ಐದು ಬಗೆಯ ಐದು ಗುಂಡಿಗಳನ್ನು ತಾನೇ ಹೊಲಿದುಕೊಂಡಿದ್ದ. ಹೆಂಡತಿ ಪೆಗ್ಗಿ ಅದನ್ನು ಕಂಡಾಗಲೆಲ್ಲ ಗೊಣಗುತ್ತಿದ್ದಳು. "ಊರಿನವರ ಏಳು ತಲೆಮಾರು ಬಾಯಿಪಾಠ. ಅಂಗಡಿಯಿಂದ ಸಕ್ಕರೆ ತಾ ಅಂದ್ರೆ ಉಪ್ಪು ತರ್ತಾನೆ."

ಇಷ್ಟಾದರೂ ಒಂದಕ್ಷರ ಬರೆದಿಟ್ಟವನಲ್ಲ. ಬರೆದಿಡು ಎಂದು ನಾನು ಎಷ್ಟೋ ಸಲ ಗೋಗರೆದಿದ್ದೇನೆ, ನೋಟುಪುಸ್ತಕ ತಂದುಕೊಟ್ಟಿದ್ದೇನೆ. ಆ ಪುಸ್ತಕದ ಹಾಳೆಗಳು ಅವನ ಒಲೆ ಹೊತ್ತಿಸಲು ಹೋದವು. "ಬರೆದಿಟ್ರೆ ತಲೆ ಸೋಮಾರಿ ಆಗುತ್ತೆ ಮೇಷ್ಟ್ರೇ" ಎನ್ನುತ್ತಿದ್ದ.

ಒಮ್ಮೆ ಡಬ್ಲಿನ್ನಿನಿಂದ ವಿದ್ವಾಂಸರೊಬ್ಬರು ಬಂದಿದ್ದರು, ಮನೆತನದ ಹೆಸರುಗಳ ಮೂಲ, ಪ್ರಸರಣಗಳ ಬಗ್ಗೆ ಸಂಶೋಧನೆ ಮಾಡುವವರು. ಮ್ಯಾನಸ್‌ನ ಅಡುಗೆಮನೆಯ ಮೇಜಿನ ಮೇಲೆ ಭೂಪಟ ಹಾಸಿದರು: ಡೊನೆಗಾಲ್ ಪೂರ್ತಿ ಕೆಂಪು ಚುಕ್ಕಿ, ಮೇಯೊ ಮತ್ತು ಸ್ಲೈಗೊ ಸೀಮೆಗಳಲ್ಲಿ ಅಲ್ಲಲ್ಲಿ, ಸಮುದ್ರ ದಾಟಿ ಗ್ಲಾಸ್ಗೊದಲ್ಲಿ ದಟ್ಟವಾಗಿ, ಅಟ್ಲಾಂಟಿಕ್ ದಾಟಿ ಫಿಲಡೆಲ್ಫಿಯದಲ್ಲಿ ಮತ್ತೆ ದಟ್ಟವಾಗಿ. ಈ ಹೆಸರಿನ ಮೂಲಪುರುಷ ಸಾವಿರ ವರ್ಷದ ಹಿಂದಿನ ರಾಜವಂಶದವನೆಂದೂ, ಹೆಸರಿನ ಅರ್ಥ 'ಪರದೇಶಿ ನೆರವು' ಎಂದೂ, ಮುಂದೆ ಇವರು ಓಡೊನೆಲ್ ದೊರೆಗಳ ಕುದುರೆ ದಂಡಿಗೆ ಸರದಾರರಾಗಿದ್ದರೆಂದೂ ವಿವರಿಸಿದರು. ಮ್ಯಾನಸ್ ವಿನಯದಿಂದ ಕೇಳಿಸಿಕೊಂಡ.

"ಕುದುರೆ ದಂಡಿನ ಸರದಾರರು! ಈ ದ್ವೀಪದಲ್ಲಿ ಕತ್ತೆ ಮೇಲೆ ನೆಟ್ಟಗೆ ಕೂರೋ ಗ್ಯಾಲಹರ್ ಒಬ್ಬನನ್ನ ತೋರ್ಸಿ ಸ್ವಾಮಿ. ಪರದೇಶಿ ನೆರವು ಅನ್ನೋದೇನೋ ಸರಿ. ಸ್ಕಾಟ್ಲೆಂಡಿನವರ ಆಲೂಗಡ್ಡೆ ಕಿತ್ತಿದ್ದು ಯಾರು, ಅವರ ಸುರಂಗ ತೋಡಿದ್ದು ಯಾರು?" ಎಂದು ಹೇಳಿ, ಭೂಪಟದ ಮೇಲೆ ಬೆರಳಿಟ್ಟ. "ಅದ್ಸರಿ, ಈ ಚುಕ್ಕಿ ಯಾವ ರೋಸು? ಇದು ಯಾವ ಹ್ಯೂ? ಹೆಸರಿಲ್ಲದ ಚುಕ್ಕಿ ಸಿಡುಬಿನ ಕಲೆ ಇದ್ದ ಹಾಗೆ."

ಅವನ ಭೂಪಟವೇ ಬೇರೆ. ಗ್ಲಾಸ್ಗೊ ಎಂದರೆ ಅವನ ಸೋದರತ್ತೆಯರ ಊರು, ಫಿಲಡೆಲ್ಫಿಯ ಎಂದರೆ ನಮ್ಮ ದ್ವೀಪದ ತೆಂಕಣ ಕೇರಿಯವರ ಇನ್ನೊಂದು ಕೇರಿ. ಅಮೆರಿಕದ ಮಹಾ ಸರೋವರದ ನಡುವಿನ ಬೀವರ್ ದ್ವೀಪಕ್ಕೆ ಇಲ್ಲಿಂದ ಹೋದವರು ಎಷ್ಟು ಮಂದಿಯೆಂದರೆ, ಅದು ನಮ್ಮ ದ್ವೀಪದ್ದೇ ಒಂದು ತುಂಡು ಸಿಹಿನೀರಿಗೆ ತೇಲಿಹೋಗಿ ನಿಂತದ್ದೆಂದು ಅವನ ಅಂಬೋಣ.

ಇಷ್ಟು ಹೇಳಿದ ಮೇಲೆ ಅವನ ತಪ್ಪನ್ನೂ ಹೇಳಬೇಕು. ಮುಚ್ಚಿಟ್ಟರೆ ಅವನೇ ನನ್ನನ್ನು ಕ್ಷಮಿಸಲಾರ.

ಇಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡಬೇಕು. ಅದನ್ನು ಮೀರಿದವರಿಲ್ಲ, ಪರದೇಶಕ್ಕೆ ಹೋದವರೂ ಮೀರುತ್ತಿರಲಿಲ್ಲ. ಬಡಗಣ ದಂಡೆಯ ಮುದುಕ ಕೊನಲ್‌ಗೆ ಡೆನಿಸ್, ಫೆಲಿಮ್ ಎಂದು ಇಬ್ಬರು ಮಕ್ಕಳಿದ್ದರು. ಇಬ್ಬರೂ ತಮ್ಮ ಚೊಚ್ಚಲ ಮಗನಿಗೆ ಕೊನಲ್ ಎಂದೇ ಹೆಸರಿಟ್ಟರು. ಎರಡು ಮಕ್ಕಳೂ ಹುಟ್ಟಿದ್ದು ಒಂದೇ ವರ್ಷ. ಡೆನಿಸನ ಮಗನನ್ನು ತಲೆಗೂದಲು ನೋಡಿ ಕೆಂಪು ಕೊನಲ್ ಎಂದರು, ಫೆಲಿಮ್‌ನ ಮಗನನ್ನು ಬಿಳಿ ಕೊನಲ್ ಎಂದರು. ಒಂದೇ ವಸಂತದಲ್ಲಿ ಇಬ್ಬರೂ ಅಮೆರಿಕದ ಹಡಗು ಹತ್ತಿದರು. ಎಷ್ಟೋ ವರ್ಷಗಳ ಮೇಲೆ, ಹಿಂದೆ ಉಳಿದ ಮನೆಗಳಲ್ಲಿ ಡೆನಿಸನ ಗೋಡೆಗಳಷ್ಟೇ ದಂಡೆಯ ಮೇಲೆ ನಿಂತಿದ್ದವು. ಗುಡ್ಡದ ಮೇಲಿನ ಫೆಲಿಮ್‌ನ ಮನೆ ನಾಲ್ಕು ಕಲ್ಲು, ಒಂದಿಷ್ಟು ಮುಳ್ಳುಗಿಡವಾಗಿತ್ತು.

ಒಂದು ಬೇಸಿಗೆಯಲ್ಲಿ ಫಿಲಡೆಲ್ಫಿಯದಿಂದ ಲಿಯೋ ಗ್ಯಾಲಹರ್ ಬಂದ. ಕಲ್ಲುಕುಟಿಗನಾಗಿ ಕೆಲಸ ಶುರುಮಾಡಿ ಕಟ್ಟಡಗಳ ಗುತ್ತಿಗೆದಾರನಾಗಿದ್ದ ಗಟ್ಟಿ ಆಳು. ತಾತನ ಹೆಸರು ಕೊನಲ್ ಎನ್ನುವುದೊಂದೇ ಅವನಿಗೆ ಗೊತ್ತಿದ್ದದ್ದು. ಆ ದಿನ ಕಟ್ಟೆಯ ಮೇಲೆ ಇಪ್ಪತ್ತು ಜನ ಸೇರಿದ್ದರು. ಮ್ಯಾನಸ್ ಅವನ ಹತ್ತು ಹೆಜ್ಜೆ ನೋಡಿದ, ಹೆಸರು ಕೇಳಿದ, ಎಲ್ಲರಿಗೂ ಕೇಳುವಂತೆ ಸಾರಿದ: "ಕೆಂಪು ಕೊನಲ್ ಮೊಮ್ಮಗ! ಹಿಮ್ಮಡಿ ಒತ್ತಿ ನಡೆಯೋ ಡೆನಿಸನ ಆ ನಡಿಗೆ ಕಂಡ್ರೆ ಸಾಕು." ಜನ ಚಪ್ಪಾಳೆ ತಟ್ಟಿದರು. ಲಿಯೋ ಅಲ್ಲಿಂದ ನೇರ ಡೆನಿಸನ ಮನೆಗೆ ನಡೆದು, ಮಾಡಿಲ್ಲದ ಗೋಡೆಗೆ ಎರಡೂ ಅಂಗೈ ಊರಿ ಮಗುವಿನಂತೆ ಅತ್ತ. ಸಂಜೆ ಪಬ್ಬಿನಲ್ಲಿ ಎಲ್ಲರಿಗೂ ಕುಡಿಸುತ್ತ, "ನಮ್ಮ ಫೆಲಿಮ್ ದೊಡ್ಡಪ್ಪ ಇದನ್ನ ನೋಡೋಕೆ ಇರಬೇಕಾಗಿತ್ತು. ಅಪ್ಪನ ಹಿರೀಅಣ್ಣ, ಊರು ಊರು ಅಂತ ಸತ್ತ" ಎಂದ. ಮ್ಯಾನಸ್‌ನ ಗ್ಲಾಸು ತುಟಿಯ ಹತ್ತಿರ ನಿಂತುಬಿಟ್ಟಿತು. ಮುದುಕನಿಗೆ ಅಮಲೇರಿತೆಂದು ನಾನು ಎಣಿಸಿದೆ.

ಲಿಯೋ ಡೆನಿಸನ ಮನೆ ಕೊಂಡ, ಸೂರು ಹೊದಿಸಿದ, ಪ್ರತಿ ಬೇಸಿಗೆ ಮೊಮ್ಮಕ್ಕಳೊಡನೆ ಬಂದ. ಹಳೆಯ ಸ್ಮಶಾನದಲ್ಲಿ ಡೆನಿಸನ ಗೋರಿಯ ತಲೆಗೆ ತನ್ನ ಕೈಯಾರೆ ಕೆತ್ತಿದ ಕಲ್ಲು ನಿಲ್ಲಿಸಿದ: ಡೆನಿಸ್ ಗ್ಯಾಲಹರ್, ಅವನ ಹೆಂಡತಿ, ಅವರ ಕೆಳಗೆ, ಫಿಲಡೆಲ್ಫಿಯದಲ್ಲಿ ಮಣ್ಣಾದ ತಾತನ ನೆನಪಿಗೆ, ಕೊನಲ್ ಗ್ಯಾಲಹರ್, 1890–1961. ಹನ್ನೊಂದು ವರ್ಷ ಹೀಗೆ ನಡೆಯಿತು. ಯಾವ ದೋಣಿ ಬಂದರೂ ಕಟ್ಟೆಯ ಮೇಲಿರುತ್ತಿದ್ದ ಮ್ಯಾನಸ್ ಲಿಯೋ ಬರುವ ದಿನ ಮಾತ್ರ ಕಾಣಿಸುತ್ತಿರಲಿಲ್ಲ. ಅದನ್ನು ಗಮನಿಸಿಯೂ ನಾನು ಯೋಚಿಸಲಿಲ್ಲ.

ಹನ್ನೆರಡನೆಯ ಬೇಸಿಗೆ ಬೀವರ್ ದ್ವೀಪದಿಂದ ಸೆಸೀಲಿಯಾ ಎಂಬ ಎಪ್ಪತ್ತರ ಹೆಂಗಸು ಬಂದಳು. ಅವಳ ಮಡಿಲಲ್ಲಿ ಮರದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ತಾಯಿಯ ಬೂದಿ. ಮ್ಯಾನಸ್‌ನ ಅಡುಗೆಮನೆಯಲ್ಲಿ ನಾವು ಮೂವರೂ ಕೂತಿದ್ದೆವು, ಪೆಗ್ಗಿ ಚಹಾ ಬಗ್ಗಿಸುತ್ತಿದ್ದಳು.

"ಅಮ್ಮನ ಅಪ್ಪ ಕೊನಲ್ ಗ್ಯಾಲಹರ್ ಅಂತ. ಸರೋವರಕ್ಕೆ ಮೀನಿಗೆ ಹೋದವನು ಬರಲಿಲ್ಲ, ಇಪ್ಪತ್ತಾರನೇ ಇಸವೀಲಿ. ಹೆಣಾನೂ ಸಿಗಲಿಲ್ಲ" ಎಂದಳು ಸೆಸೀಲಿಯಾ. "ಅವನಿಗೆ ಎಲ್ಲೂ ಗೋರಿ ಇಲ್ಲ. ಅವನ ಅಪ್ಪ ಅಮ್ಮ ಮಲಗಿರೋ ಕಡೆ ನನ್ನ ಹಾಕು ಅಂತ ಅಮ್ಮ ಹೇಳಿ ಹೋದಳು. ಅದು ಯಾವ ಗೋರಿ ಅಂತ ನೀವು ಹೇಳಬೇಕಂತೆ, ಪಾದ್ರಿಗಳು ಹೇಳಿದ್ರು."

ಹಳೆಯ ಸ್ಮಶಾನದಲ್ಲಿ ತನ್ನವರಲ್ಲದವರ ಜೊತೆ ಯಾರನ್ನೂ ಮಲಗಿಸುವಂತಿಲ್ಲ. ಮ್ಯಾನಸ್ ಕೇಳಿದ, "ನಿಮ್ಮಮ್ಮನ ಹಿರೀ ಅಣ್ಣನ ಹೆಸರೇನು ತಾಯಿ?"

"ಡೆನಿಸ್."

ಅವನು ಕಣ್ಣು ಮುಚ್ಚಿಕೊಂಡ. "ಭಾನುವಾರ ಪೂಜೆ ಮುಗಿದ ಮೇಲೆ ಹೇಳ್ತೀನಿ" ಎಂದ. ಕೇಳಿದ ತಕ್ಷಣ ಉತ್ತರ ಕೊಡದ ಮ್ಯಾನಸ್‌ನನ್ನು ನಾನು ಅದೇ ಮೊದಲು ಕಂಡದ್ದು.

ಅವಳು ಹೋದ ಮೇಲೆ ನನ್ನ ಕಡೆ ತಿರುಗಿದ. "ಹನ್ನೊಂದು ವರ್ಷದ ಹಿಂದೆ ಒಂದು ಕಾಗದ ತಪ್ಪು ಮನೆಗೆ ಹಾಕಿಬಿಟ್ಟೆ ಮೇಷ್ಟ್ರೇ. ಲಿಯೋನ ದೊಡ್ಡಪ್ಪ ಫೆಲಿಮ್ ಅಂದ್ರೆ, ಅವನ ತಾತ ಗುಡ್ಡದ ಮೇಲಿನ ಫೆಲಿಮ್‌ನ ಮಗ. ಬಿಳಿ ಕೊನಲ್. ಕೆಂಪು ಕೊನಲ್ ಆಗಿದ್ರೆ ಹಿರೀ ಮಗನಿಗೆ ಡೆನಿಸ್ ಅಂತ ಇಡ್ತಿದ್ದ, ಇವಳ ಮನೇಲಿ ಇಟ್ಟ ಹಾಗೆ. ಇಬ್ರೂ ಅಣ್ಣ ತಮ್ಮಂದಿರ ಮಕ್ಕಳು, ನಡಿಗೆ ಒಂದೇ. ಒಂದು ಪ್ರಶ್ನೆ ಕೇಳಿದ್ರೆ ಆಗ್ತಿತ್ತು. ಜನ ಸುತ್ತ ನಿಂತಿದ್ರಲ್ಲ, ಕೇಳಲಿಲ್ಲ. ಜಂಭ."

ನಾನು ಹೇಡಿಯ ಬುದ್ಧಿ ಹೇಳಿದೆ. ಇಂದಿಗೂ ಅದಕ್ಕೆ ನಾಚುತ್ತೇನೆ. "ಎಲ್ಲ ಒಂದೇ ರಕ್ತ ಅಲ್ವಾ ಮಾರಾಯ. ಅವಳಿಗೆ ಗೋರಿ ತೋರಿಸು, ಬೂದಿ ಹಾಕ್ಲಿ. ಲಿಯೋಗೆ ಯಾಕೆ ಗೊತ್ತಾಗ್ಬೇಕು?"

"ಆ ಕಲ್ಲು? ನೀರಲ್ಲಿ ಮುಳುಗಿದ ತನ್ನ ತಾತನ ಹೆಸರಿನ ಪಕ್ಕ ಇನ್ಯಾರೋ ಸತ್ತ ವರ್ಷಾನ ಆ ಹೆಂಗಸು ಓದಬೇಕಾ?"

ಹಾಗಾದರೆ ಲಿಯೋನನ್ನು ಮನೆಗೆ ಕರೆಸಿ ಗುಟ್ಟಾಗಿ ಹೇಳು ಎಂದೆ. ತಲೆಯಾಡಿಸಿದ. "ಇಪ್ಪತ್ತು ಜನರ ಮುಂದೆ ಆಡಿದ ಮಾತನ್ನ ಮೂಲೇಲಿ ನಿಂತು ವಾಪಸ್ ತಗೊಳ್ಳೋಕಾಗಲ್ಲ."

ಭಾನುವಾರ ಚರ್ಚಿನ ಗೇಟಿನ ಬಳಿ, ಐದೂ ಗುಂಡಿ ಹಾಕಿಕೊಂಡು ನಿಂತ. ಲಿಯೋ ಮೊಮ್ಮಕ್ಕಳೊಡನೆ ಹೊರಗೆ ಬಂದ, ಸೆಸೀಲಿಯಾ ಬಂದಳು, ಊರೂ ಬಂತು. ಮ್ಯಾನಸ್ ಸುತ್ತು ಬಳಸದೆ ಹೇಳಿದ. ಲಿಯೋ ಬಿಳಿ ಕೊನಲ್‌ನ ಮೊಮ್ಮಗ, ದಂಡೆಯ ಮನೆಯೂ ಗೋರಿಯೂ ಈ ತಾಯಿಯ ಹಿರಿಯರದು, ತಪ್ಪು ತನ್ನದು.  ಹಿಂದಿನಿಂದ ಯಾರೋ ಕೂಗಿದರು, "ಹಂಗಾದ್ರೆ ನಾನು ಯಾರ ಮಗ ಅಂತಾನೂ ಇನ್ನೊಂದ್ಸಲ ನೋಡ್ಬಿಡು ಮ್ಯಾನಸ್!" ಜನ ಗೊಳ್ಳೆಂದು ನಕ್ಕರು. ನನಗೆ ಆ ಊರಿನ ಮೇಲೇ ಸಿಟ್ಟು ಬಂತು.

ಲಿಯೋ ನಗಲಿಲ್ಲ. "ನಿನಗೆ ಯಾವಾಗ ಗೊತ್ತಾಯ್ತು?" ಎಂದ.

ನಿನ್ನೆ ಎನ್ನಬಹುದಿತ್ತು. ಮೊನ್ನೆ ಈಕೆ ಬಂದ ಮೇಲೆ ಎನ್ನಬಹುದಿತ್ತು, ಯಾರೂ ಅನುಮಾನಿಸುತ್ತಿರಲಿಲ್ಲ. "ನೀನು ಬಂದ ದಿನ, ಸಾಯಂಕಾಲ" ಎಂದ ಮ್ಯಾನಸ್. "ನೀನು ಗೋಡೆ ಹಿಡ್ಕೊಂಡು ಅತ್ತಿದ್ದೆ. ಬಾಯಿ ಬರಲಿಲ್ಲ."

"ಹನ್ನೊಂದು ವರ್ಷ" ಎಂದು ಲಿಯೋ ಟೋಪಿ ಹಾಕಿಕೊಂಡು ಹೊರಟುಹೋದ.

ಮೂರು ದಿನ ದಂಡೆಯ ಮನೆಯ ಬಾಗಿಲು ತೆರೆಯಲಿಲ್ಲ. ಸೆಸೀಲಿಯಾ ಪೆಟ್ಟಿಗೆ ಹಿಡಿದು ಕಾದಳು. ಮ್ಯಾನಸ್ ಅನ್ನ ನೀರು ಬಿಟ್ಟವನಂತೆ ಒಲೆಯ ಮುಂದೆ ಕೂತಿದ್ದ. ಪೆಗ್ಗಿ ಮೊದಲ ಬಾರಿಗೆ ಗೊಣಗಲಿಲ್ಲ. ಬುಧವಾರ ಬೆಳಿಗ್ಗೆ ಸ್ಮಶಾನದಿಂದ ಸುತ್ತಿಗೆಯ ಸದ್ದು ಕೇಳಿಸಿತು. ಕಲ್ಲನ್ನು ಒಡೆಯುತ್ತಿದ್ದಾನೆಂದೇ ಹೆದರಿ ನಾವು ಓಡಿದೆವು.

ಲಿಯೋ ಗೋರಿಯ ಮುಂದೆ ಮಂಡಿಯೂರಿದ್ದ. ಕೊನೆಯ ನಾಲ್ಕು ಅಂಕಿಗಳ ಜಾಗವನ್ನು ಸಮವಾಗಿ ತೆಗೆದು ನಯ ಮಾಡಿದ್ದ. "ಹೆಸರು ಮುಟ್ಟೋ ಹಾಗಿಲ್ಲ, ಅದೇ ಹೆಸರು. ಹುಟ್ಟಿದ ವರ್ಷಾನೂ ಅದೇ" ಎಂದ, ನಮ್ಮ ಕಡೆ ನೋಡದೆ. "ಮುಳುಗಿದ್ದು ಇಪ್ಪತ್ತಾರು ತಾನೇ? ಸರಿಯಾಗಿ ಹೇಳು ಮುದುಕ. ಕಲ್ಲು ತೆಳ್ಳಗಾಗಿದೆ, ಮೂರನೇ ಸಲ ಕೆತ್ತೋಕಾಗಲ್ಲ."

"ನನ್ನ ಕೇಳಬೇಡ. ಅವಳನ್ನ ಕೇಳು" ಎಂದ ಮ್ಯಾನಸ್.

ಸೆಸೀಲಿಯಾ ಹೇಳಿದಳು, ಲಿಯೋ ಕೆತ್ತಿದ. ಹಾಗೆ, ಸರೋವರದ ತಳದಲ್ಲಿ ಎಂಬತ್ತು ವರ್ಷಕ್ಕೂ ಮೇಲ್ಪಟ್ಟು ಗುರುತಿಲ್ಲದೆ ಬಿದ್ದಿದ್ದವನಿಗೆ ಒಂದು ಕಲ್ಲು ಸಿಕ್ಕಿತು, ಮಗಳಿಗೆ ಅದರ ಬುಡದಲ್ಲಿ ಜಾಗ. ಅನಂತರ ಮ್ಯಾನಸ್ ಲಿಯೋನನ್ನು ಗುಡ್ಡ ಹತ್ತಿಸಿ, ಮುಳ್ಳು ಬಿಡಿಸಿ, ಫೆಲಿಮ್‌ನ ಹೊಸ್ತಿಲ ಕಲ್ಲು ತೋರಿಸಿದ. ಅಲ್ಲಿ ಲಿಯೋ ಮನೆ ಕಟ್ಟಲಿಲ್ಲ. ಮರು ಬೇಸಿಗೆ ಬಂದು ಒಂದು ಬೆಂಚು ಹಾಕಿದ. ದಂಡೆಯ ಮನೆ ಪತ್ರದಲ್ಲಿ ಇಂದಿಗೂ ಅವನದೇ, ಊರಿನವರ ಬಾಯಲ್ಲಿ ಸೆಸೀಲಿಯಾಳದು. ಅವನು ಮ್ಯಾನಸ್‌ನನ್ನು ಪೂರ್ತಿ ಕ್ಷಮಿಸಿದನೆಂದು ನಾನು ಹೇಳಲಾರೆ. ಆದರೆ ಎಂಬತ್ತಾರು ತುಂಬಿದ ಮ್ಯಾನಸ್ ಸತ್ತಾಗ, ಹೆಗಲು ಕೊಟ್ಟ ಆರು ಜನರಲ್ಲಿ ಫಿಲಡೆಲ್ಫಿಯದಿಂದ ಬಂದ ಅವನೂ ಒಬ್ಬ.

ಕುಲಮೂಲ ಬಲ್ಲವರು ಎಲ್ಲ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರ ಹಿರಿಮೆ ಅವರ ಜ್ಞಾಪಕಶಕ್ತಿಯಲ್ಲಿದೆಯೆಂದು ನಾನೂ ಬಹುಕಾಲ ನಂಬಿದ್ದೆ. ನೆನಪು ಎಷ್ಟೇ ದೊಡ್ಡದಿರಲಿ, ಅದು ಎಡವುತ್ತದೆ. ಅವರು ಆಡಿದ ಒಂದು ಮಾತನ್ನು ನಂಬಿ ಯಾರೋ ಸೂರು ಹೊದಿಸುತ್ತಾರೆ, ಯಾರೋ ಕಲ್ಲು ನೆಡುತ್ತಾರೆ, ಆಮೇಲೆ ಆ ಮಾತನ್ನು ಕೀಳುವುದೆಂದರೆ ಬದುಕಿರುವವರ ಎದೆಯಿಂದಲೇ ಕೀಳಬೇಕು. ಬದುಕಿರುವವರಿಗೆ ಅಳಲು ಕಣ್ಣಿದೆ, ಬೈಯಲು ಬಾಯಿದೆ. ಸತ್ತವರು ತಮ್ಮ ಪರವಾಗಿ ಏನೂ ಹೇಳಲಾರರು. ಅವರ ಪರವಾಗಿ ಯಾರಾದರೊಬ್ಬರು ಊರಿನ ಮುಂದೆ ತಲೆ ತಗ್ಗಿಸಬೇಕಾಗುತ್ತದೆ.