ಮತ್ತಿ ಮರದ ಕ್ಲೀನರ್

“ಕ್ಲೀನರ್ ಇವತ್ತೂ ಹೊರಡೋದಿಲ್ಲ ನೋಡು. ಬರೀ ರೆಕ್ಕೆ ಬಡೀತಾನೆ,” ಎಂದ ಅಬ್ದುಲ್ ರಜಾಕ್.

ಇಸಳೂರಿನ ಅವರ ಹೊಸ ಮನೆಯ ತಾರಸಿಗೆ ನೇರ ಎದುರಾಗಿ ಒಂದು ಮತ್ತಿ ಮರ, ಅದರ ಕವಲಿನಲ್ಲಿ ಹದ್ದಿನ ಗೂಡು. ಎರಡು ಮರಿಗಳಲ್ಲಿ ದೊಡ್ಡದಕ್ಕೆ ಡ್ರೈವರ್, ಸಣ್ಣದಕ್ಕೆ ಕ್ಲೀನರ್ ಎಂದು ಹೆಸರಿಟ್ಟವನು ರಜಾಕನೇ. ಮೂವತ್ತು ವರ್ಷ ಲಾರಿ ಓಡಿಸಿದವನಿಗೆ ಬೇರೆ ಹೆಸರು ಎಲ್ಲಿಂದ ಹೊಳೆಯಬೇಕು! ಡ್ರೈವರ್ ನಾಲ್ಕು ದಿನದ ಹಿಂದೆಯೇ ಹಾರಿಹೋಗಿತ್ತು.

ಜನವರಿಯಲ್ಲಿ ರಜಾಕನಿಗೆ ಲಕ್ವ ಹೊಡೆದಿತ್ತು. ಕಾಲು ಸುಧಾರಿಸಿತು, ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡೇ ಇತ್ತು. ಎಡಗೈಯಲ್ಲಿ ಉಣ್ಣಲು ಅವನ ಮನಸ್ಸು ಒಪ್ಪಲಿಲ್ಲ. ಹಾಗಾಗಿ ಮೂರು ತಿಂಗಳಿಂದ ಹೆಂಡತಿ ಸಕೀನಾಳೇ ತುತ್ತಿಡುತ್ತಿದ್ದಳು.

ವ್ಯಾಯಾಮ ಮಾಡಿಸಲು ಬರುವ ವೇದಾ, “ಕೈಗೆ ಶಕ್ತಿ ಬಂದಿದೆ ಸಕೀನಕ್ಕ, ಅವರಿಗೇ ನಂಬಿಕೆ ಬಂದಿಲ್ಲ,” ಎಂದಿದ್ದಳು. ಎತ್ತಿ ಎಂದರೆ ಸಾಕು, ರಜಾಕ್ ಆ ಕೈಯನ್ನೇ ದಿಟ್ಟಿಸುತ್ತಿದ್ದ. ಅವನು ದಿಟ್ಟಿಸಿದಷ್ಟೂ ಅದು ಹಠ ಹಿಡಿಯುತ್ತಿತ್ತು. ಕೈಯಿಂದ ಅವನ ಕಣ್ಣು ತಪ್ಪಿಸಲೆಂದೇ ಸಕೀನಾ ತಾರಸಿಯಲ್ಲಿ ಕುರ್ಚಿ ಹಾಕಿದ್ದು.

ತಾಯಿ ಹದ್ದು ಅಳಿಲೊಂದನ್ನು ತಂದು ಗೂಡಿಗೆ ಹೋಗದೆ ಆಚೆಯ ಕೊಂಬೆಯಲ್ಲಿ ಕೂತಿತು. ಮರಿ ಹಸಿವಿನಿಂದ ಕಿರುಚಿತು. ತಾಯಿ ಅಲುಗಾಡಲಿಲ್ಲ.

“ಕಲ್ಲು ಮನಸ್ಸು ಅದರದ್ದು,” ಎಂದ ರಜಾಕ್.

ಸಕೀನಾ ರೊಟ್ಟಿ ಮುರಿಯುತ್ತಿದ್ದವಳು ಹಾಗೇ ನಿಂತಳು.

ಮರಿ ಗೂಡಿನ ಅಂಚಿಗೆ ಬಂತು, ಹಿಂದೆ ಸರಿಯಿತು, ಮತ್ತೆ ಬಂತು. ಆಮೇಲೆ ಒಮ್ಮೆಲೇ ಗಾಳಿಗೆ ಬಿದ್ದು, ತಡವರಿಸಿ, ತಾಯಿಯ ಕೊಂಬೆಯನ್ನೂ ದಾಟಿ ಹೋಯಿತು.

“ಹೋದ! ಅಗೋ, ಹೋದ!”

ತೋರಿಸುತ್ತಿದ್ದುದು ಬಲಗೈ. ನಡುಗುತ್ತಿತ್ತು, ಆದರೆ ಭುಜದ ಎತ್ತರಕ್ಕೆ ಎದ್ದಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಸಕೀನಾಳಿಗೆ ಹಕ್ಕಿ ಚೆನ್ನಾಗಿಯೇ ಕಾಣುತ್ತಿತ್ತು. “ಎಲ್ಲಿ ರೀ? ನಂಗೆ ಕಾಣ್ತಾ ಇಲ್ಲ,” ಎಂದಳು.

“ಅಲ್ಲಿ ಮಾರಾಯ್ತಿ, ತೆಂಗಿನ ಮರದ ಮೇಲೆ! ಕಣ್ಣು ಎಲ್ಲಿಟ್ಟಿದೀಯೆ?” ಕೈ ಇನ್ನೂ ಮೇಲೇರಿತು.

“ಯಾವ ತೆಂಗಿನ ಮರ? ಸರಿಯಾಗಿ ತೋರಿಸಿ.”

ಅವನು ಬೈಯುತ್ತಲೇ ತೋರಿಸಿದ. ಯಾ ಅಲ್ಲಾ, ನಿನಗೆ ಸಾವಿರ ಶುಕ್ರ್, ಎಂದುಕೊಂಡಳು ಸಕೀನಾ. ಆ ಹಕ್ಕಿಗೂ ಒಂದು ಸಲಾಂ ಹೇಳಬೇಕೆನಿಸಿತು.

ರೊಟ್ಟಿಯ ತಟ್ಟೆಯನ್ನು ಅವನ ಬಲಬದಿಯ ಸ್ಟೂಲಿನ ಮೇಲಿಟ್ಟಳು. ನಾಲ್ಕು ಹೆಜ್ಜೆ ಆಚೆ ಹೋಗಿ, ತಾರಸಿಯ ಕಟ್ಟೆಯ ಮೇಲೆ ಕೂತಳು.